ಅಪ್ಪನಿಗೊಂದು ಕೆಟಲ್

ಕಳೆದ ಆಷಾಢದಲ್ಲಿ ಅರಸೀಕೆರೆಯ ನಮ್ಮ ಮನೆಯಲ್ಲಿ ಒಂದು ಪಾತ್ರೆ ಸುಟ್ಟಿತು. ಡಿಕಾಕ್ಷನ್‌ಗೆ ನೀರಿಟ್ಟ ಅಪ್ಪ ಜಗಲಿಗೆ ಬಂದು ಪೇಪರಿನಲ್ಲಿ ಮುಳುಗಿದ್ದರು. ನೀರೆಲ್ಲ ಆವಿಯಾಗಿ, ತಳ ಕರಿಗಟ್ಟಿ, ಹಿಡಿಕೆ ಸುಟ್ಟ ವಾಸನೆ ಬಂದಾಗ ಪಕ್ಕದ ಮನೆಯವರು ಓಡಿಬಂದು ಗ್ಯಾಸ್ ಆರಿಸಿದರು. ನನಗೆ ಸುದ್ದಿ ಹೇಳಿದ್ದೂ ಅವರೇ. ಫೋನ್ ಮಾಡಿ ಕೇಳಿದರೆ ಅಪ್ಪ, “ಪಾತ್ರೆ ಹಳೇದಾಗಿತ್ತು ಬಿಡಮ್ಮ” ಎಂದರು.

ಅಮ್ಮ ಹೋಗಿ ಎರಡು ವರ್ಷ. ಬೆಂಗಳೂರಿಗೆ ಬನ್ನಿ ಎಂದರೆ ಅಪ್ಪ ಬರುವವರಲ್ಲ. ಒಲೆ ಹಚ್ಚಬೇಡಿ ಎನ್ನುವ ಧೈರ್ಯ ನನಗಿಲ್ಲ. ಹಾಗಾಗಿ ಒಂದು ಎಲೆಕ್ಟ್ರಿಕ್ ಕೆಟಲ್ ಕೊಳ್ಳೋಣವೆಂದುಕೊಂಡೆ.

ಅಂಗಡಿಯಲ್ಲಿ 700 ರೂಪಾಯಿಯದೂ ಇತ್ತು, 3000 ರೂಪಾಯಿಯದೂ ಇತ್ತು. ಯಾವುದು ಬಾಳಿಕೆ ಬರುತ್ತದೆಂದು ಕೇಳಿದರೆ ಮಾರುವವರು ಎಲ್ಲವೂ ಎಂದರು. ಕೊನೆಗೆ ನಾನು ಹೋದದ್ದು ನಮ್ಮ ಬೀದಿಯ ಮಿಕ್ಸಿ ರಿಪೇರಿಯವರ ಬಳಿ. ಅವರು ಕೆಟ್ಟುಬಂದಿದ್ದ ಕೆಟಲೊಂದನ್ನು ಬಿಚ್ಚಿ ತೋರಿಸಿದರು. ಒಳಗೆ ನಾಣ್ಯದಷ್ಟಗಲದ ತೆಳು ಬಿಲ್ಲೆ. ಎರಡು ಲೋಹದ ಹಾಳೆಗಳನ್ನು ಬೆಸೆದು ಮಾಡಿದ್ದು. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಬಿಲ್ಲೆ ಟಕ್ಕನೆ ಮಗುಚಿಕೊಂಡು ಸ್ವಿಚ್ ಆರಿಸುತ್ತದೆ. ಕುದಿಯುವ ನೀರಿನ ಆವಿ ಮುಚ್ಚಳದ ಹತ್ತಿರದ ತೂತಿನಿಂದ ಇಳಿದು ಈ ಬಿಲ್ಲೆಯನ್ನು ತಾಕಬೇಕು. ಮುಚ್ಚಳ ತೆರೆದಿದ್ದರೆ ಆವಿ ಹೊರಗೆ ಹೋಗುತ್ತದೆ, ಕೆಟಲ್ ಕುದಿಸುತ್ತಲೇ ಇರುತ್ತದೆ. ನೀರಿಲ್ಲದೆ ಸ್ವಿಚ್ ಹಾಕಿದರೆ ಆರಿಸುವ ವ್ಯವಸ್ಥೆ ತಳದಲ್ಲಿ ಬೇರೆಯೇ ಇರುತ್ತದೆ.

“ಇವೆರಡು ಸರಿಯಿರಬೇಕು, ಐಎಸ್‌ಐ ಗುರುತಿರಬೇಕು, ಮುಚ್ಚಳ ಗಟ್ಟಿಯಾಗಿ ಕೂರಬೇಕು. ಗಾಜು, ಬಣ್ಣದ ಲೈಟು ಎಲ್ಲ ನಿಮ್ಮ ದುಡ್ಡು ನಿಮ್ಮಿಷ್ಟ” ಎಂದರು. ಆಮೇಲೆ ಕೇಳಿದರು: “ಮನೇಲಿ ಪ್ಲಗ್ ಯಾವುದಿದೆ?”

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. 1500 ವ್ಯಾಟ್‌ನ ಕೆಟಲ್ 230 ವೋಲ್ಟ್‌ನಲ್ಲಿ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿದ್ದದ್ದು 6 ಆಂಪಿಯರ್‌ನ ಹಳೆಯ ಸಾಕೆಟ್. ಬೆಂಕಿಯ ಭಯಕ್ಕೆ ಕೆಟಲ್ ತಂದು ಗೋಡೆಯ ವೈರ್ ಸುಡುವುದು ಯಾವ ನ್ಯಾಯ? ಮೊದಲು ಎಲೆಕ್ಟ್ರಿಷಿಯನ್ ಕರೆಸಿ ವೈರ್ ಸಮೇತ 16 ಆಂಪಿಯರ್‌ನ ಸಾಕೆಟ್ ಹಾಕಿಸಿದೆ. ಆಮೇಲೆ 900 ರೂಪಾಯಿಗೆ ಒಂದೂವರೆ ಲೀಟರಿನ ಸ್ಟೀಲ್ ಕೆಟಲ್ ತಂದೆ, ಅಂಗಡಿಯಲ್ಲೇ ನೀರು ಕುದಿಸಿ ನೋಡಿ.

“ಕರೆಂಟು ಎಷ್ಟು ತಿನ್ನುತ್ತೆ?” ಅಪ್ಪನ ಮೊದಲ ಪ್ರಶ್ನೆ. ಒಂದು ಲೀಟರಿಗೆ ಯೂನಿಟ್ಟಿನ ಹತ್ತನೇ ಒಂದು ಭಾಗ ಎಂದೆ. ತಲೆಯಾಡಿಸಿದರು. ಎರಡನೆಯದು, “ಇದರಲ್ಲೇ ಹಾಲೂ ಕಾಯಿಸಬಹುದಾ?”

ಆಗದು. ಹಾಲು ತಳ ಹಿಡಿಯುತ್ತದೆ, ಉಕ್ಕಿ ಕೆಳಗಿನ ಸ್ವಿಚ್ಚಿಗೂ ಇಳಿಯಬಹುದು. ಹೇಳುತ್ತಿದ್ದಂತೆ ನನಗೇ ಹೊಳೆಯಿತು. ಹಾಲಿಲ್ಲದ ಕಾಫಿ ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಒಲೆ ಹಚ್ಚುವುದು ತಪ್ಪಲಿಲ್ಲ. ಇಷ್ಟೆಲ್ಲ ವಿಚಾರಿಸಿ ತಂದವಳು ಅದನ್ನೇ ಮರೆತಿದ್ದೆ.

ನನ್ನ ಮುಖ ನೋಡಿ ಅಪ್ಪ ಮೆಲ್ಲಗೆ ಹೇಳಿದರು: “ಹಾಲಿಟ್ಟರೆ ನಾನು ಅಲ್ಲಿಂದ ಕದಲೋದಿಲ್ಲ ಕಣಮ್ಮ. ಉಕ್ಕುತ್ತೆ ಅನ್ನೋ ಭಯ ಇರುತ್ತೆ. ನೀರಿಗೆ ಆ ಭಯ ಇಲ್ಲ ನೋಡು, ಅದಕ್ಕೇ ಅವತ್ತು ಮರೆತುಬಿಟ್ಟೆ.”

ಮರೆತೆ ಎಂದು ಅಪ್ಪ ಒಪ್ಪಿಕೊಂಡದ್ದು ಅದೇ ಮೊದಲು. ನಾನು ಏನೂ ಹೇಳಲಿಲ್ಲ. ಕೆಟಲ್‌ಗೆ ನೀರು ತುಂಬಿಸಿ, ಮುಚ್ಚಳ ಒತ್ತಿ, ಸ್ವಿಚ್ ಹಾಕುವುದನ್ನು ತೋರಿಸಿದೆ. ನಾಲ್ಕು ನಿಮಿಷಕ್ಕೆ ಟಕ್ ಎಂದಿತು. ಸಂಜೆ ವೋಲ್ಟೇಜ್ ಇಳಿದಾಗ ಆರು ನಿಮಿಷವಾಯಿತು. ಆಗಲೂ ತಾನಾಗಿ ಆರಿತು.

ನಮ್ಮದು ಕೊಳವೆಬಾವಿಯ ಗಡಸು ನೀರು. ತಿಂಗಳೊಳಗೆ ಕೆಟಲ್‌ನ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ನಿಂಬೆರಸ ಬೆರೆಸಿದ ನೀರು ಕುದಿಸಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಹೋಗುತ್ತದೆ. ಅಪ್ಪನಿಗೆ ಹೇಳಿಕೊಟ್ಟಿದ್ದೇನೆ. ಅವರು ಮಾಡುವುದಿಲ್ಲ. “ನೀನು ಬಂದಾಗ ಮಾಡಿದರಾಯ್ತು” ಎನ್ನುತ್ತಾರೆ. ಹಾಗಾಗಿ ಈಗ ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ.