ಪೆಟ್ಟಿಗೆಗೆ ಕಟ್ಟಿದ ತಂತಿ

ಕ್ರಾಫ್ಟ್ ಮಾಸ್ತರನಾಗಿ ನಿವೃತ್ತನಾದ ಮೇಲೆ ನನಗೆ ಅಂಟಿಕೊಂಡ ಹುಚ್ಚೆಂದರೆ ಯುದ್ಧದ ಟ್ಯಾಂಕುಗಳ ಸಣ್ಣ ಮಾದರಿಗಳನ್ನು ಕಟ್ಟುವುದು. "ಈ ಪ್ರಾಯದಲ್ಲಿ ಮಕ್ಕಳಾಟಿಕೆ" ಎಂದು ಮನೆಯವಳು ನಗುವುದುಂಟು. ಪ್ಲಾಸ್ಟಿಕ್ಕಿನ ಬಿಡಿಭಾಗಗಳಿರುವ ಪೊಟ್ಟಣವನ್ನು ಗಲ್ಫಿನಲ್ಲಿರುವ ಮಗ ರಜೆಯಲ್ಲಿ ಬರುವಾಗ ತಂದುಕೊಟ್ಟಿದ್ದ. ಅದು ಸೆಂಚುರಿಯನ್ ಟ್ಯಾಂಕಿನದ್ದು, ಅಳತೆ 1:35. ನಿಜವಾದ ಟ್ಯಾಂಕಿನ ಒಡಲು ಸುಮಾರು ಏಳೂವರೆ ಮೀಟರ್ ಉದ್ದ, ಭಾರ 50 ಟನ್ನಿಗೂ ಮೇಲೆ. ನನ್ನ ಮೇಜಿನ ಮೇಲಿನದ್ದು 22 ಸೆಂಟಿಮೀಟರಿನೊಳಗೆ ಮುಗಿಯುತ್ತದೆ.

ಸೆಂಚುರಿಯನ್ನೇ ಬೇಕೆಂದು ನಾನು ಹೇಳಿದ್ದಕ್ಕೆ ಕಾರಣ ನನ್ನ ಅಣ್ಣ. ಅವನು ಸೈನ್ಯದ ಇ.ಎಂ.ಇ. ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದವನು. 1971ರ ಡಿಸೆಂಬರಿನಲ್ಲಿ ಸೆಂಚುರಿಯನ್‌ಗಳಿದ್ದ ಒಂದು ರೆಜಿಮೆಂಟಿನ ಜೊತೆಗೆ ಶಕರ್‌ಗಢದ ಕಡೆಗೆ ಹೋಗಿದ್ದ. ಅದೇ ಪ್ರದೇಶದ ಬಸಂತರ್ ಹೊಳೆಯ ಬಳಿ, ಡಿಸೆಂಬರ್ 16ರಂದು, 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ 'ಫಮಗುಸ್ತಾ' ಎಂಬ ತನ್ನ ಸೆಂಚುರಿಯನ್ ಬಿಟ್ಟಿಳಿಯದೆ ಹೋರಾಡಿ ಮಡಿದರು. ಮರಣೋತ್ತರವಾಗಿ ಪರಮವೀರ ಚಕ್ರ ಪಡೆದರು. ಇದೆಲ್ಲ ನಾನು ಓದಿ ತಿಳಿದದ್ದು. ಅಣ್ಣನನ್ನು ಕೇಳಿದರೆ ಅವನ ಯುದ್ಧದ ಕತೆ ಒಂದೇ ಮಾತಿನದ್ದು: "ಭಾರೀ ಚಳಿ ಇತ್ತು."

ಮಾದರಿಯನ್ನು ಕಟ್ಟಿ ಮುಗಿಸಿದಾಗ ಅಣ್ಣನಿಗೆ ಮರೆವಿನ ಕಾಯಿಲೆ ಶುರುವಾಗಿತ್ತು. ಊಟವಾಗಿ ಅರ್ಧ ಗಂಟೆ ಕಳೆಯುವುದರೊಳಗೆ ಊಟವಾಯಿತೇ ಎಂದು ಕೇಳುತ್ತಿದ್ದ. ಆದರೂ ಕೈಗೆ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, "ಇದಲ್ಲ" ಎಂದ.

"ಎಂತಕ್ಕೆ ಅಣ್ಣ?"

"ಸಾಮಾನೆಲ್ಲಿ ಉಂಟು?"

ಅವನು ಹೇಳಿದ್ದು ಸರಿಯೇ. ಪೊಟ್ಟಣದಿಂದ ಬಂದ ಟ್ಯಾಂಕು ಮದುವೆಗೆ ಹೊರಟ ಕಾರಿನಂತೆ ಒಪ್ಪವಾಗಿತ್ತು. ದಂಡಿಗೆ ಹೋದ ಟ್ಯಾಂಕಿನ ಮೇಲೆ ಟರ್ಪಾಲು, ಎಣ್ಣೆಯ ಡಬ್ಬ, ಎಳೆಯುವ ಉಕ್ಕಿನ ಹಗ್ಗ, ಹಾಸಿಗೆಯ ಸುರುಳಿ ಎಲ್ಲ ಇರುತ್ತವೆ. ಗೋಪುರದ ಸುತ್ತ ಸಾಮಾನಿನ ಪೆಟ್ಟಿಗೆಗಳಿರುತ್ತವೆ. ಇವನ್ನು ರೆಸಿನ್ನಿನಲ್ಲಿ ಎರಕ ಹೊಯ್ದು ಮಾರುವವರು ವಿದೇಶಗಳಲ್ಲಿದ್ದಾರೆ. ನಾನೇ ಮಾಡುವುದೆಂದು ಹಠ ತೊಟ್ಟೆ.

ಕ್ರಮ ಕೇಳಲು ಸುಲಭ. ತೆಳು ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಮೂಲವಸ್ತುವೊಂದನ್ನು ಮಾಡಬೇಕು. ಅದರ ಸುತ್ತ ಗೋಡೆ ಕಟ್ಟಿ ಸಿಲಿಕೋನ್ ರಬ್ಬರ್ ಸುರಿದರೆ ಮಾರನೆಯ ದಿನಕ್ಕೆ ಅಚ್ಚು ಸಿದ್ಧ. ಆ ಅಚ್ಚಿಗೆ ಎರಡು ದ್ರವ ಕೂಡಿಸಿದ ರೆಸಿನ್ ಹೊಯ್ದರೆ ಅದು ಬಿಸಿಯಾಗಿ, ಕೆಲವೇ ನಿಮಿಷಗಳಲ್ಲಿ ದಂತದ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ.

ನನ್ನ ಮೊದಲ ಅಚ್ಚು ಮೂರು ದಿನ ಕಳೆದರೂ ಅಂಟಂಟಾಗಿಯೇ ಉಳಿಯಿತು. ಪಕ್ಕದ ಮನೆಯ ಏಟ್ಟನಿಗೆ ತೋರಿಸಿದೆ. ಅವರು ಕಾಸರಗೋಡು ಪೇಟೆಯಲ್ಲಿ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನವರು. ಅಚ್ಚು ತೆಗೆಯುವುದೇ ಅವರ ಅನ್ನ. ಮುಟ್ಟಿ ನೋಡಿ ನಕ್ಕರು. "ಮಾಷೇ, ಗ್ಲೌಸ್ ಏದಾ?" ನಾನು ಹಾಕಿಕೊಂಡದ್ದು ರಬ್ಬರ್ ಹಾಲಿನ ಕೈಗವಸು. ಅದರಲ್ಲಿರುವ ಗಂಧಕ ತಾಗಿದರೆ ಈ ಜಾತಿಯ ಸಿಲಿಕೋನ್ ಗಟ್ಟಿಯಾಗುವುದಿಲ್ಲವಂತೆ. ರಬ್ಬರ್ ತೋಟಗಳ ನಾಡಿನಲ್ಲಿ ರಬ್ಬರೇ ನನಗೆ ಕೈಕೊಟ್ಟಿತು!

ಎರಡನೆಯ ಪೆಟ್ಟು ಮಳೆಯದ್ದು. ನಮ್ಮ ಆಟಿ, ಅವರ ಕರ್ಕಡಗಂ. ಹೊಯ್ದ ಪೆಟ್ಟಿಗೆಗಳೆಲ್ಲ ಗೋಳಿಬಜೆಯಂತೆ ಉಬ್ಬಿ ಒಳಗೆಲ್ಲ ತೂತು. ಈ ರೆಸಿನ್ನಿಗೆ ನೀರಿನ ಪಸೆ ಸೇರಿದರೆ ಇಂಗಾಲಾಮ್ಲ ಗಾಳಿ ಹುಟ್ಟಿ ನೊರೆ ಏಳುತ್ತದೆ. ಬಾಟಲಿಗಳ ಮುಚ್ಚಳ ಬಿಗಿ ಮಾಡಿ, ಅಚ್ಚನ್ನು ಬಲ್ಬಿನಡಿ ಒಣಗಿಸಿ, ಬಿಸಿಲು ಕಾಣುವವರೆಗೆ ಕಾದೆ. ಏಟ್ಟ ತಮ್ಮ ಲ್ಯಾಬಿನ ಪ್ರೆಶರ್ ಪಾತ್ರೆಯನ್ನೂ ಬಿಟ್ಟುಕೊಟ್ಟರು. ಆ ಒತ್ತಡಕ್ಕೆ ಉಳಿದ ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಕುಗ್ಗುತ್ತವೆ. ಉಜ್ಜುವಾಗ ಧೂಳು ಎದೆಗೆ ಹೋಗಬಾರದೆಂದು ನೀರಿನಲ್ಲಿ ಅದ್ದಿ ಮರಳುಕಾಗದ ಹಾಕಲು ಕಲಿಸಿದವರೂ ಅವರೇ.

ಕೊನೆಗೊಂದು ಒಳ್ಳೆಯ ಪೆಟ್ಟಿಗೆ ಬಂತು. ಅಣ್ಣನ ಅಂಗೈಯಲ್ಲಿಟ್ಟೆ. ಹೆಬ್ಬೆರಳಿನಿಂದ ಸವರಿ ಹೇಳಿದ: "ಇದರ ಮುಚ್ಚಳ ಕೂರುವುದಿಲ್ಲ. ಜಜ್ಜಿ ಹೋಗಿದೆ. ತಂತಿ ಕಟ್ಟಬೇಕು."

"ಯಾರು ಕಟ್ಟಿದ್ದು?"

ಅವನೊಂದು ಹೆಸರು ಹೇಳಿದ. ಐವತ್ತು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಒಮ್ಮೆಯೂ ಕೇಳದ ಹೆಸರು. ಪಯ್ಯನ್ನೂರಿನ ಕಡೆಯವನು, ಅಣ್ಣನ ಜೊತೆಯ ಫಿಟ್ಟರ್. ಊರಿನಲ್ಲಿ ಸರಿಯಾಗಿ ಕಲಿಯದ ಮಲಯಾಳವನ್ನು ಅಣ್ಣ ಪಂಜಾಬಿನಲ್ಲಿ ಅವನಿಂದ ಕಲಿತನಂತೆ. ರಾತ್ರಿ ಆ ಪೆಟ್ಟಿಗೆಗೆ ತಂತಿ ಕಟ್ಟಿದವನು ಬೆಳಗ್ಗೆ ಮೈನು ಹೂತ ಗದ್ದೆಯಲ್ಲಿ ಸಿಕ್ಕಿಬಿದ್ದ ಟ್ಯಾಂಕಿನ ಕಡೆ ಹೋದ. ಅಷ್ಟು ಹೇಳಿ ಅಣ್ಣ ಕಿಟಕಿಯ ಹೊರಗೆ ನೋಡತೊಡಗಿದ.

ಮೂಲವಸ್ತುವಿನ ಮುಚ್ಚಳಕ್ಕೆ ಬಿಸಿ ಚಮಚ ಒತ್ತಿ ತಗ್ಗು ಮಾಡಿದೆ. ಹಳೆಯ ವಯರಿನ ಒಂದು ತಾಮ್ರದ ಎಳೆಯನ್ನು ಸುತ್ತಿದೆ. ಹೊಸ ಅಚ್ಚು ತೆಗೆದೆ. ಸಿಲಿಕೋನ್ ಯಾವುದನ್ನೂ ಬಿಡುವುದಿಲ್ಲ; ಪುಟ್ಟಿಯ ಮೇಲೆ ನನ್ನ ಬೆರಳು ತಾಗಿದ ಗೆರೆಗಳು ಸಹ ಅದರಲ್ಲಿ ಮೂಡಿದ್ದವು. ಹೊಸ ಪೆಟ್ಟಿಗೆಯನ್ನು ಸೂಪರ್ ಗ್ಲೂ ಹಾಕಿ ಗೋಪುರಕ್ಕೆ ಅಂಟಿಸಿದೆ. ಪ್ಲಾಸ್ಟಿಕ್ಕಿನ ಅಂಟು ರೆಸಿನ್ನನ್ನು ಹಿಡಿಯುವುದಿಲ್ಲ.

ಆ ಸಂಜೆ ಏಟ್ಟನೂ ಬಂದಿದ್ದರು. ಅಣ್ಣ ಟ್ಯಾಂಕನ್ನು ನೋಡಿದ, ತಂತಿಯನ್ನು ಮುಟ್ಟಿದ. ಮತ್ತೆ ಏಟ್ಟನ ಮುಖವನ್ನೇ ದಿಟ್ಟಿಸಿ, ನಾನೆಂದೂ ಕೇಳದಷ್ಟು ಸಲುಗೆಯ ದನಿಯಲ್ಲಿ ಕೇಳಿದ:

"ಕಂಬಿ ಕೆಟ್ಟಿಯಾ?"

ತಂತಿ ಕಟ್ಟಿದೆಯಾ ಎಂದು. ಯಾರನ್ನು ಕೇಳುತ್ತಿದ್ದಾನೆಂದು ನಮ್ಮಿಬ್ಬರಿಗೂ ಗೊತ್ತಾಯಿತು. ಏಟ್ಟ ಒಂದು ಕ್ಷಣ ಸುಮ್ಮನಿದ್ದು, "ಕೆಟ್ಟಿ" ಎಂದರು. ಅಣ್ಣ ಸಮಾಧಾನದಿಂದ ತಲೆಯಾಡಿಸಿದ.

ಕಳೆದ ವರ್ಷ ಅಣ್ಣ ತೀರಿಕೊಂಡ. ಟ್ಯಾಂಕು ಅವನ ಪಟದ ಕೆಳಗಿದೆ. ಅಂಥದೇ ಇನ್ನೊಂದು ಪೆಟ್ಟಿಗೆ ಏಟ್ಟನ ಲ್ಯಾಬಿನಲ್ಲಿ, ಹಲ್ಲಿನ ಸೆಟ್ಟುಗಳ ನಡುವೆ ಕೂತಿದೆ. ಮೂವತ್ತರಷ್ಟು ಸಲ ಹೊಯ್ದ ಮೇಲೆ ಅಚ್ಚಿನ ಅಂಚು ಹರಿಯತೊಡಗಿದೆ, ಆದರೂ ಎಸೆದಿಲ್ಲ.

ನಮ್ಮ ಗಡಿನಾಡಿನ ಮನೆಗಳಲ್ಲಿ ಸೈನ್ಯದಿಂದ ಬಂದ ಹಿರಿಯರು ಇನ್ನೂ ಕೆಲವರಿದ್ದಾರೆ. ಯುದ್ಧ ಹೇಗಿತ್ತೆಂದು ಕೇಳಿದರೆ ಅವರು ಚಳಿಯ ಮಾತಾಡಿ ಮುಗಿಸುತ್ತಾರೆ. ಪೆಟ್ಟಿಗೆಯ ಮುಚ್ಚಳ ಹೇಗಿತ್ತೆಂದು ಕೇಳಿ ನೋಡಿ. ಯಾವ ಭಾಷೆಯಲ್ಲಿ ಉತ್ತರ ಬಂದರೂ ಕುಳಿತು ಕೇಳಿ.