ಕಿವಿ ಹಿಂದೆ ಒಂದು ಮಿಲಿಆಂಪಿಯರ್

ಎರಡು ತಿಂಗಳಿಂದ ಎಲ್ಲಿ ಕಾಣೆಯಾಗಿದ್ದೆ ಅಂತ ಕೇಳಿದವರಿಗೆಲ್ಲ ಉತ್ತರ: ನನ್ನ ಕಿವಿಗೆ ನಾನೇ ಕರೆಂಟು ಕೊಟ್ಕೊಳ್ತಾ ಕೂತಿದ್ದೆ. ನಗಬೇಡಿ, ಪೂರ್ತಿ ಓದಿ.

ನಮ್ಮೂರು ಕೊಟ್ಟೂರಿನ ಪಕ್ಕ. ಮಾಘದಲ್ಲಿ ಕೊಟ್ಟೂರೇಶ್ವರನ ತೇರು ಅಂದ್ರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯಿಂದ ಜನವೋ ಜನ. ಅವ್ವನಿಗೆ ತಲೆಸುತ್ತು ಶುರುವಾದ ಮೇಲೆ ಆ ಗದ್ದಲದಲ್ಲಿ ನಿಲ್ಲೋಕಾಗಲ್ಲ. 2017ರಲ್ಲಿ ತೇರು ಉರುಳಿ ಬಿದ್ದ ಮೇಲಂತೂ ನಾವೂ ಕಳಿಸ್ತಿರಲಿಲ್ಲ. ಅದಕ್ಕೇ ಗೆಳೆಯನೊಬ್ಬ ಕೋಲಿಗೆ 360 ಡಿಗ್ರಿ ಕ್ಯಾಮೆರಾ ಕಟ್ಕೊಂಡು ತೇರಿನ ಮುಂದೆ ನಡೆದ. ಮನೇಲಿ ಅವ್ವನ ಕಣ್ಣಿಗೆ ವಿ.ಆರ್. ಹೆಡ್‌ಸೆಟ್ ಕಟ್ಟಿದೆ. ಎರಡು ನಿಮಿಷ ಆಗಿರಲಿಲ್ಲ, ಕಿತ್ತು ಇಟ್ಟಳು. "ತಲಿ ಗಿರ್ರ್ ಅಂತೈತಿ ಯಪ್ಪಾ."

ತಲೆಸುತ್ತು ಇಲ್ಲದವರಿಗೂ ಹೀಗಾಗುತ್ತೆ. ಕಣ್ಣು "ನಡೀತಿದೀನಿ, ವಾಲ್ತಿದೀನಿ" ಅನ್ನುತ್ತೆ. ಒಳಕಿವಿಯ ದ್ರವ ತುಂಬಿದ ಮೂರು ನಾಳಗಳು "ಸುಳ್ಳು, ಕುರ್ಚಿ ಮೇಲೆ ಕೂತಿದೀಯ" ಅನ್ನುತ್ತವೆ. ಜಗಳ ಹೊಟ್ಟೆಗೆ ಬರುತ್ತೆ. ಹಾಗಾದ್ರೆ ಕಿವಿಗೂ ಅದೇ ಸುಳ್ಳು ಹೇಳಿದರೆ?

ಇದು ನನ್ನ ಐಡಿಯಾ ಅಲ್ಲ ಬಿಡಿ. ಬ್ಯಾಟರಿ ಕಂಡುಹಿಡಿದ ವೋಲ್ಟಾ ಎರಡು ಲೋಹದ ಕಡ್ಡಿ ಕಿವಿಯೊಳಗೇ ಇಟ್ಕೊಂಡು, ತಲೆಗೆ ಬಿದ್ದ ಪೆಟ್ಟನ್ನ 1800ರಲ್ಲಿ ರಾಯಲ್ ಸೊಸೈಟಿಗೆ ಬರೆದಿದ್ದ! 2005ರಲ್ಲಿ ಜಪಾನಿನ ಎನ್‌ಟಿಟಿಯವರು ನಡೆಯೋ ಮನುಷ್ಯನನ್ನ ರಿಮೋಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ತೋರಿಸಿದರು.

ನಂದು ಬಡವರ ಮಾಡೆಲ್ಲು. ಎರಡೂ ಕಿವಿ ಹಿಂದಿನ ಮೂಳೆ ಮೇಲೆ ಜೆಲ್ ಪ್ಯಾಡು, 9 ವೋಲ್ಟಿನ ಬ್ಯಾಟರಿ, ಪ್ಲಸ್ಸು ಮೈನಸ್ಸು ಅದಲುಬದಲು ಮಾಡೋ ಸರ್ಕ್ಯೂಟು. ಜೊತೆಗೆ ಏನೇ ಆದರೂ ದಾರಿ ಬಿಡದ 4.7 ಕಿಲೋ ಓಮ್ ರೆಸಿಸ್ಟರ್. ಉಳಿದದ್ದೆಲ್ಲ ಕೆಟ್ಟು ಶಾರ್ಟಾದರೂ 2 ಮಿಲಿಆಂಪಿಯರ್ ದಾಟೋ ಹಾಗಿಲ್ಲ. ಲ್ಯಾಪ್‌ಟಾಪಿಂದ ವೈರು ಎಳೆದಿಲ್ಲ, ಬ್ಲೂಟೂತ್ ಮಾತ್ರ. ಚಾರ್ಜರ್ ಮೂಲಕ ಗೋಡೆಯ ಕರೆಂಟಿಗೂ ನನ್ನ ತಲೆಗೂ ಸಂಬಂಧ ಬೆಳೆಯೋದು ಬೇಡ ನೋಡಿ.

0.5ಕ್ಕೆ ಏನೂ ಇಲ್ಲ. 0.8ಕ್ಕೆ ಚರ್ಮ ಚುರುಚುರು. 1ಕ್ಕೆ ಕಣ್ಮುಚ್ಚಿ ಕಾಲು ಜೋಡಿಸಿ ನಿಂತೆ... ನೆಲ ಮೈನಸ್ ಕಡೆಗೆ ಮೆಲ್ಲಗೆ ಜಾರಿದಂಗಾಯ್ತು, ದೇಹ ತಾನಾಗೇ ಪ್ಲಸ್ ಕಡೆ ವಾಲಿತು. ಬಾಯಲ್ಲಿ ತಾಮ್ರದ ಬಿಲ್ಲೆ ಚೀಪಿದ ರುಚಿ. ಆಮೇಲೆ ಕ್ಯಾಮೆರಾದ ಗೈರೋ ಲೆಕ್ಕ ತಗೊಂಡು, ಅದು ಎಡಕ್ಕೆ ವಾಲಿದಾಗ ಮೈನಸ್ ಎಡಕ್ಕೆ ಹೋಗೋ ಹಾಗೆ ಕೋಡು ಬರೆದೆ. ಹೆಡ್‌ಸೆಟ್ ಹಾಕ್ಕೊಂಡು ಕೂತೆ. ಹೇಗೆ ಹೇಳ್ಲಿ? ಜನ ಒತ್ತಿದಾಗ ಭುಜಕ್ಕೆ ಭುಜ ತಾಗಿ ಜೋಲಿ ಹೊಡೀತೀವಲ್ಲ, ಅದು ಬಂತು. ಮುಂದಕ್ಕೆ ನಡೆಯೋದು ಮಾತ್ರ ಬರಲಿಲ್ಲ. ಎರಡು ಪ್ಯಾಡಿಗೆ ಅಕ್ಕಪಕ್ಕ ಅಷ್ಟೇ ಗೊತ್ತು.

ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಿದ್ದಳು. "ನನಗೂ ಹಚ್ಚು. ಉತ್ತತ್ತಿ ಎಸಿಯೋ ಹೊತ್ತು ನೋಡ್ತೀನಿ."

ಆಗಲ್ಲ ಅಂದೆ. ತಲೆಸುತ್ತಿಗೇ ಮಾತ್ರೆ ನುಂಗ್ತಿರೋ ಕಿವಿಗೆ ಈ ಕರೆಂಟು ಏನು ಮಾಡುತ್ತೋ, ಡಾಕ್ಟರನ್ನ ಕೇಳದೆ ಹಚ್ಚಲ್ಲ ಅಂದೆ.

"ಹಂಗಾದ್ರ ನಿನ್ನ ತಲಿ ಏನು ಸಂತಿಯೊಳಗ ಸಿಕ್ಕಿದ್ದೇನು?"

ಇದಕ್ಕೆ ಯಾವ ಕಾಲೇಜಲ್ಲೂ ಉತ್ತರ ಹೇಳಿಕೊಟ್ಟಿಲ್ಲ. ಬ್ಯಾಟರಿ ಈಗ ಅವಳ ಟ್ರಂಕಿನಲ್ಲಿದೆ. ಬೇಕಾದಾಗ ಕೇಳಿ ಇಸ್ಕೋಬೇಕು, ಅವಳು ಪಕ್ಕದಲ್ಲೇ ಕೂತಿರ್ತಾಳೆ.