ಬಾಡಿಗೆ ಮನೆಯ ನಾಲ್ಕು ಹೆಸರು

ಬೈಲಹೊಂಗಲ

ಚಿ. ತಂಗೆವ್ವಳಿಗೆ,

ಮೊನ್ನೆ ಫೋನಿನಲ್ಲಿ ನೀನು ಅರ್ಧ ಹೇಳಿ ಬಿಟ್ಟ ಮಾತು ತಲೆಯಲ್ಲೇ ಕೂತಿದೆ. ಕಿತ್ತೂರಿನ ಮನೆ ಮಾಲಕರು, "ಬಾಡಿಗಿ ಕೊಡ್ರಿ, ಆರಾಮ ಇರ್ರಿ. ವೋಟರ್ ಲಿಸ್ಟಿಗೆ ಮಾತ್ರ ನನ್ನ ಮನಿ ನಂಬರ್ ಹಚ್ಚಬ್ಯಾಡ್ರಿ" ಅಂದರಂತೆ. ನೀವು ನಾಲ್ವರೂ ಹುಡುಗಿಯರು "ಆತ್ರಿ" ಅಂದು ಸುಮ್ಮನಾದಿರಂತೆ. ಫೋನಿನಲ್ಲಿ ಹೇಳಹೋದರೆ "ಹೂಂ ಅತ್ತಿ, ಹೂಂ ಅತ್ತಿ" ಅಂತ ಡ್ಯೂಟಿಗೆ ಓಡುತ್ತಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದಿ, ಆ ಮೂವರಿಗೂ ಓದಿಸು.

ಸಾಲಿಯಲ್ಲಿ ಕಲಿಸುತ್ತಲೇ ನಾನು ಬಿಎಲ್ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸವನ್ನೂ ಮಾಡಿದವಳು. ಪಟ್ಟಿ ಬಗಲಲ್ಲಿ ಇಟ್ಟುಕೊಂಡು ಓಣಿ ಓಣಿ ತಿರುಗಿದವಳಿಗೆ ನಿಮ್ಮ ಮಾಲಕರ ಮಾತು ಹೊಸದಲ್ಲ. ಪ್ರತಿ ಓಣಿಯಲ್ಲೂ ಅದನ್ನು ಹೇಳುವವರು ಒಬ್ಬರಿರುತ್ತಾರೆ. ಅವರಿಗೆ ಒಂದೇ ಅಂಜಿಕೆ: ಹೆಸರು ಪಟ್ಟಿಯಲ್ಲಿ ಬಂತಂದರೆ ನಾಳೆ ಅದನ್ನೇ ತೋರಿಸಿ "ಈ ಮನಿ ನಂದೂ ಐತಿ" ಅಂದಾರು. ಮತದಾರರ ಪಟ್ಟಿ ಆಸ್ತಿಯ ಉತಾರವಲ್ಲ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಒಂದು ಇಟ್ಟಂಗಿಯ ಹಕ್ಕೂ ಯಾರಿಗೂ ಬರುವುದಿಲ್ಲ. ಮಾಲಕರ ಒಪ್ಪಿಗೆ ಪತ್ರ ಬೇಕು ಅಂತಲೂ ಅರ್ಜಿಯಲ್ಲಿ ಎಲ್ಲಿಯೂ ಇಲ್ಲ.

ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮು ನೋಡು. ಒಂದು ಕ್ಷೇತ್ರದಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿ ಆಗುವುದಿಲ್ಲ ಎಂದು ಅದು ಹೇಳುತ್ತದೆ. ನಮ್ಮೂರಲ್ಲಿ ಎರಡು ಅಂಕಣದ ವಾಡೆಗೆ ಬೀಗ ಜಡಿದು ಪುಣೆಯಲ್ಲಿ ಸಂಸಾರ ಹೂಡಿದವರಿದ್ದಾರಲ್ಲ, ಆ ಬೀಗದ ಬಲದಿಂದ ಅವರಿಗೆ ಇಲ್ಲಿ ವೋಟಿಲ್ಲ. ಕಿತ್ತೂರಿನ ಒಂದು ಖೋಲಿಯಲ್ಲಿ ಚಾಪೆ ಹಾಸಿ ಮಲಗುವ ನಿನಗೆ ಇದೆ. ಅದೇ ಕಲಮು, ಸ್ವಲ್ಪ ದಿನ ಊರು ಬಿಟ್ಟ ಮಾತ್ರಕ್ಕೆ ನಿವಾಸ ತಪ್ಪುವುದಿಲ್ಲ ಎಂದೂ ಹೇಳುತ್ತದೆ. ಗೋವಾಕ್ಕೆ ದುಡಿಯಲು ಹೋಗಿ ಸುಗ್ಗಿಗೆ ಮರಳುವ ಸವದತ್ತಿ, ರಾಮದುರ್ಗದ ಕಡೆಯವರ ಹೆಸರು ಊರಲ್ಲಿ ಉಳಿಯುವುದು ಇದರ ಬಲದಿಂದಲೇ. ನಿನ್ನದು ಹಾಗಲ್ಲ. ನೀನು ಕಿತ್ತೂರಿಗೆ ಹೋಗಿ ಬರುವವಳಲ್ಲ, ರಾಮದುರ್ಗಕ್ಕೆ ಹೋಗಿ ಬರುವವಳು.

ಇನ್ನು ಕಾಗದ ಪತ್ರದ ಮಾತು. ನಿನ್ನ ಹೆಸರು ರಾಮದುರ್ಗದ ಪಟ್ಟಿಯಲ್ಲಿ ಈಗಾಗಲೇ ಇದೆ, ಆದ್ದರಿಂದ ತುಂಬಬೇಕಾದ್ದು ಫಾರ್ಮ್ 8. ಫಾರ್ಮ್ 6 ಹೊಸಬರದು. ಇಲ್ಲಿಯೇ ಬಹಳ ಮಂದಿ ಎಡವುತ್ತಾರೆ. ಹಳೆಯದನ್ನು ಹೇಳದೆ ಹೊಸದಾಗಿ ಫಾರ್ಮ್ 6 ಹಾಕಿದರೆ ಎರಡು ಕಡೆ ಹೆಸರಾಗುತ್ತದೆ. 17ನೇ ಕಲಮು ಅದನ್ನು ಒಪ್ಪುವುದಿಲ್ಲ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 31ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು, ಇಲ್ಲವೆ ದಂಡ, ಇಲ್ಲವೆ ಎರಡೂ. ಫಾರ್ಮ್ 8 ಕೊಟ್ಟರೆ ನಿನ್ನ ಕಾರ್ಡಿನ ನಂಬರ್ ಅದೇ ಇರುತ್ತದೆ, ವಿಳಾಸ ಮತ್ತು ಮತಗಟ್ಟೆ ಬದಲಾಗುತ್ತವೆ. ನಿಮ್ಮಲ್ಲಿ ಡಿಗ್ರಿ ಓದುವ ಸಣ್ಣ ಹುಡುಗಿ ಇದ್ದಾಳಲ್ಲ, ಅವಳದು ಫಾರ್ಮ್ 6. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬದಿದ್ದರೆ ಇಡೀ ವರ್ಷ ಕಾಯಬೇಕಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕೂ ತಿಂಗಳ 1ನೇ ತಾರೀಖು ಲೆಕ್ಕಕ್ಕೆ ಬರುತ್ತದೆ. ಓದುವವರಿಗೆ ತಂದೆ ತಾಯಿಯ ಊರಲ್ಲಾಗಲಿ, ಓದುವ ಊರಲ್ಲಾಗಲಿ ಹೆಸರು ಹಚ್ಚುವ ಆಯ್ಕೆ ಇದೆ. ಆರಿಸುವವಳು ಅವಳು.

ವಿಳಾಸದ ಪುರಾವೆಯೇ ಹಂಚಿಕೊಂಡ ಮನೆಯವರ ತಲೆನೋವು. ಕರೆಂಟ್ ಬಿಲ್ಲು ಮಾಲಕರ ಹೆಸರಲ್ಲಿ, ಗ್ಯಾಸು ನಿಮ್ಮಲ್ಲಿ ಒಬ್ಬಳ ಹೆಸರಲ್ಲಿ. ನಿಮ್ಮ ಕೈಯಲ್ಲಿರುವ ಹನ್ನೊಂದು ತಿಂಗಳ ಬಾಂಡ್ ಪೇಪರು ನೋಂದಣಿ ಆಗಿಲ್ಲ. ಫಾರ್ಮು ಕೇಳುವುದು ನೋಂದಾಯಿಸಿದ ಬಾಡಿಗೆ ಕರಾರನ್ನು. ಬೇರೆಯವರ ಬಿಲ್ಲು ನಡೆಯುವುದು ಅವರು ತಂದೆ, ತಾಯಿ, ಗಂಡ ಅಥವಾ ಬೆಳೆದ ಮಕ್ಕಳಾಗಿದ್ದು, ಅದೇ ವಿಳಾಸದಲ್ಲಿ ಮತದಾರರಾಗಿದ್ದರೆ ಮಾತ್ರ. ಒಂದೇ ಒಲೆಯಲ್ಲಿ ರೊಟ್ಟಿ ಸುಡುವ ಗೆಳತಿ ಆ ಲೆಕ್ಕಕ್ಕಿಲ್ಲ. ಸುಲಭದ ದಾರಿ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಥವಾ ಆಧಾರಿನಲ್ಲಿ ಕಿತ್ತೂರಿನ ವಿಳಾಸ ಮಾಡಿಸಿಕೊಳ್ಳುವುದು. ಅದೂ ಇಲ್ಲವೆಂದರೆ ಬಾಗಿಲು ಮುಚ್ಚುವುದಿಲ್ಲ, ಬಿಎಲ್ಒ ಖುದ್ದಾಗಿ ಬಂದು ನೋಡಬೇಕು. ಮನೆಯೇ ಇಲ್ಲದವರ ವಿಷಯದಲ್ಲಿ, ಅವರು ಹೇಳಿದ ಜಾಗದಲ್ಲಿ ರಾತ್ರಿ ಮಲಗುತ್ತಾರೋ ಇಲ್ಲವೋ ಎಂದು ರಾತ್ರಿಯೇ ಹೋಗಿ ನೋಡಬೇಕೆಂಬ ನಿಯಮವಿದೆ, ಕಾಗದ ಕೇಳುವಂತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಮಲಗುವವರಿಗೆ ಇರುವ ದಾರಿ ನಾಲ್ಕು ಗೋಡೆಯೊಳಗೆ ಬಾಡಿಗೆ ತೆತ್ತು ಮಲಗುವ ನಿಮಗೆ ಇಲ್ಲದೆ ಹೋದೀತೇ?

ಆದರೆ ಬಿಎಲ್ಒ ಬರುವುದು ಹಗಲು ಹೊತ್ತಿನಲ್ಲಿ. ನೀನು ಆಸ್ಪತ್ರೆಯಲ್ಲಿ, ಸವದತ್ತಿಯ ಹುಡುಗಿ ಅಂಗಡಿಯಲ್ಲಿ, ನಮ್ಮೂರಿನವಳು ಆಫೀಸಿನಲ್ಲಿ, ಸಣ್ಣವಳು ಕಾಲೇಜಿನಲ್ಲಿ. ಬಾಗಿಲಿಗೆ ಬೀಗ. ಬಂದವರು ಪಕ್ಕದ ಮನೆಯಲ್ಲಿ ಕೇಳುತ್ತಾರೆ. ಅಲ್ಲಿಯ ಅಜ್ಜಿ "ಯಾರೋ ಹುಡಿಗ್ಯಾರು ಇರತಾರ್ರಿ, ಹೆಸರು ಗೊತ್ತಿಲ್ಲ" ಅಂದರೆ ಕೆಲಸ ಕೆಟ್ಟಿತು. ಆದ್ದರಿಂದ ಅರ್ಜಿಯಲ್ಲಿ ಫೋನ್ ನಂಬರ್ ಸರಿಯಾಗಿ ಬರೆ. ಆ ಅಜ್ಜಿಗೆ ನಿಮ್ಮ ನಾಲ್ವರ ಹೆಸರೂ ಊರೂ ಹೇಳಿಡು, ಹಬ್ಬಕ್ಕೆ ಹೋಳಿಗೆ ಕೊಟ್ಟು ಹೇಳಿದರೆ ಇನ್ನೂ ಚಲೋ. ನಿಮ್ಮ ಭಾಗದ ಬಿಎಲ್ಒ ಯಾರೆಂದು ಸಹಾಯವಾಣಿ 1950ಕ್ಕೆ ಫೋನ್ ಮಾಡಿ ತಿಳಿದುಕೊಂಡು, ರಜೆಯ ದಿನ ನೀವೇ ಹೋಗಿ ಭೇಟಿಯಾಗಿ. ಬಿಎಲ್ಒಗೂ ಮನೆ, ಮಕ್ಕಳು, ಸಾಲಿ ಇರುತ್ತವೆ. ಎದುರಿಗೆ ಬಂದು ಮಾತಾಡಿದವರ ಕೆಲಸ ನಾನಂತೂ ಮೊದಲು ಮಾಡುತ್ತಿದ್ದೆ.

ಮಾಲಕರ ಅಂಜಿಕೆಗೆ ಇನ್ನೊಂದು ಕಾರಣವೂ ಇರಬಹುದು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ಮಹದೇವಪುರ ಕ್ಷೇತ್ರದ ಒಂದೇ ಸಣ್ಣ ಮನೆಯ ವಿಳಾಸದಲ್ಲಿ 80 ಹೆಸರುಗಳಿವೆ ಎಂಬ ಆರೋಪ ದೇಶವೆಲ್ಲ ಸದ್ದು ಮಾಡಿತಲ್ಲ. ಬಾಡಿಗೆಗೆ ಇದ್ದವರು ಹೋಗುತ್ತಾರೆ, ಹೆಸರು ಅಲ್ಲಿಯೇ ಉಳಿಯುತ್ತದೆ. ಹಾಗೆ ಉಳಿದ ಹೆಸರು ಯಾರ ಕೈಗಾದರೂ ಸಿಕ್ಕೀತು. ಅದಕ್ಕೆ ಮದ್ದು ಹೆಸರು ಹಚ್ಚದೆ ಇರುವುದಲ್ಲ. ಮನೆ ಬಿಡುವಾಗ ಪಾತ್ರೆ ಪಗಡೆಯ ಜೊತೆ ಹೆಸರನ್ನೂ ಎತ್ತಿಕೊಂಡು ಹೋಗುವುದು. ಇದನ್ನು ಮಾಲಕರಿಗೆ ಮೊದಲೇ ಹೇಳು: "ನಾವು ಹ್ವಾದ ಮ್ಯಾಲೆ ನಮ್ಮ ಹೆಸರು ನಿಮ್ಮ ಮನಿ ನಂಬರಿನ್ಯಾಗ ಉಳಿಯಂಗಿಲ್ರಿ." ಅರ್ಧ ಜಗಳ ಅಲ್ಲೇ ತೀರುತ್ತದೆ.

ನಿನ್ನ ಅಪ್ಪ ನನ್ನ ತಮ್ಮನೇ ಆದರೂ ಈ ವಿಷಯದಲ್ಲಿ ನಾನು ಅವನ ಕಡೆ ಇಲ್ಲ. "ಆಕೀ ವೋಟು ಊರಾಗ ಇರಲಿ, ಪಂಚಾಯತಿ ಇಲೆಕ್ಷನ್ನಿಗೆ ಒಂದೊಂದು ವೋಟೂ ಬೇಕಾಗತೈತಿ" ಅನ್ನುತ್ತಾನೆ. ಒಟ್ಟಿನ ಮನೆಯಲ್ಲಿ ವೋಟನ್ನು ದನಕರುಗಳಂತೆ ಎಣಿಸುವುದು ನಮ್ಮ ಕಡೆಯ ಹಳೆಯ ಚಾಳಿ. ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಒಂದೇ ಮನೆ ನಂಬರು. ಫಾರ್ಮು ತುಂಬುವವನು ಹಿರಿಯ. ಮಗಳ ಮದುವೆಯ ಅಕ್ಷತೆ ಒಣಗುವ ಮೊದಲೇ "ಆಕೀ ಹೆಸರು ತೆಗೀರಿ" ಅನ್ನುವವರು, ಗಂಡನ ಮನೆಯಲ್ಲಿ ಹೆಸರು ಸೇರಿತೋ ಎಂದು ಕೇಳುವುದಿಲ್ಲ. ನಡುವೆ ಆ ಹುಡುಗಿ ಎಲ್ಲಿಯೂ ಇಲ್ಲದವಳಾಗುತ್ತಾಳೆ.

ನಿನ್ನ ಮುತ್ತಜ್ಜಿ ರಾಮದುರ್ಗ ಸಂಸ್ಥಾನದ ಪ್ರಜೆಯಾಗಿ ಹುಟ್ಟಿದವಳು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, ನಾಲ್ಕು ವರ್ಷ ಕಳೆಯುವುದರೊಳಗೆ ದೇಶದ ಮೊದಲ ಚುನಾವಣೆ ಬಂತು. ಆಗ ಸುಮಾರು 28 ಲಕ್ಷ ಹೆಣ್ಣುಮಕ್ಕಳ ಹೆಸರು ಪಟ್ಟಿಯಿಂದ ಬಿಟ್ಟುಹೋದವು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಇಂಥವನ ಹೆಂಡತಿ, ಇಂಥವನ ತಾಯಿ ಎಂದರೇ ಹೊರತು ತಮ್ಮ ಹೆಸರು ಹೇಳಲಿಲ್ಲ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು, ಸ್ವಂತ ಹೆಸರಿಲ್ಲದೆ ಪಟ್ಟಿಯಿಲ್ಲ ಎಂದು ಗಟ್ಟಿಯಾಗಿ ನಿಂತರು. ಮನೆ ಎಷ್ಟೇ ಜನರದಿರಲಿ, ಪಟ್ಟಿಯಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ನಿಲ್ಲಬೇಕೆಂಬುದು ಅಂದೇ ತೀರ್ಮಾನವಾಯಿತು. ಈಗ ಫಾರ್ಮು ಇನ್ನಷ್ಟು ಮನೆಗಳನ್ನು ಒಪ್ಪಿಕೊಂಡಿದೆ. ಸಂಬಂಧಿಯ ಹೆಸರು ಬರೆಯುವಲ್ಲಿ ತಂದೆ, ತಾಯಿ, ಗಂಡ, ಹೆಂಡತಿ ಅಷ್ಟೇ ಅಲ್ಲ, ತೃತೀಯ ಲಿಂಗಿಗಳಿಗೆ ಗುರುವಿನ ಹೆಸರು ಬರೆಯಲೂ ಅವಕಾಶವಿದೆ. ಸವದತ್ತಿಯ ಎಲ್ಲಮ್ಮನ ಗುಡ್ಡದ ಜೋಗಪ್ಪಗಳನ್ನು ನೆನೆಸಿಕೋ. ಹುಟ್ಟಿದ ಮನೆ ಬಿಟ್ಟು ಗುರುವಿನ ಜೊತೆ ಬಾಳುವವರಿಗೆ ಇದು ಸಣ್ಣ ಮಾತಲ್ಲ.

ಒಂದು ತಮಾಷೆ ಗೊತ್ತೇ? ಬೈಲಹೊಂಗಲ, ಸವದತ್ತಿ, ರಾಮದುರ್ಗ ಮೂರೂ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಕಿತ್ತೂರು ಮಾತ್ರ ಖಾನಾಪುರದ ಜೊತೆ ಉತ್ತರ ಕನ್ನಡಕ್ಕೆ ಸೇರಿದೆ. ಹೆಸರು ವರ್ಗವಾದರೆ ನಿನ್ನ ಎಂಪಿ ಕಾರವಾರ, ಶಿರಸಿಯವರಿಗೂ ಎಂಪಿ. ನಿಮ್ಮಪ್ಪ ಒಬ್ಬರನ್ನು ಬೈದರೆ ನೀನು ಇನ್ನೊಬ್ಬರನ್ನು ಬೈಯಬಹುದು! ಜೋಳದ ಹೊಲದವರ ಮಾತು ಮೀನು ಹಿಡಿಯುವವರ ಸಂಸದರಿಗೆ ಎಷ್ಟು ಕೇಳಿಸುತ್ತದೆ ಎಂಬ ಅನುಮಾನ ನನಗೂ ಇದೆ. ಹಾಗೆಂದು ಕಿತ್ತೂರಿನಲ್ಲಿರುವವರು ಹೆಸರೇ ಹಚ್ಚದಿದ್ದರೆ ಆ ದನಿ ಇನ್ನೂ ಸಣ್ಣದಾಗುತ್ತದೆ. ನಿಮ್ಮ ಓಣಿಯ ನಳಕ್ಕೆ ನೀರು ಬರದಿದ್ದರೆ ಕೇಳಬೇಕಾದ್ದು ಕಿತ್ತೂರು ಪಟ್ಟಣ ಪಂಚಾಯತಿಯವರನ್ನು. ರಾಮದುರ್ಗದ ವೋಟು ಹಿಡಿದುಕೊಂಡು ಹೋದರೆ ಅಲ್ಲಿಯ ಸದಸ್ಯರು ಯಾಕೆ ಕಿವಿಗೊಟ್ಟಾರು? ಪ್ರತಿ ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ವೇದಿಕೆಯ ಮೇಲೆ ರಾಣಿ ಚನ್ನಮ್ಮನ ಹೆಸರು ಹೇಳುವವರಿಗೆ ಬರವಿಲ್ಲ. ಆ ಊರಿನ ಬಾಡಿಗೆ ಖೋಲಿಗಳ ಹುಡುಗಿಯರಲ್ಲಿ ಎಷ್ಟು ಮಂದಿ ಪಟ್ಟಿಯಲ್ಲಿದ್ದಾರೆ ಎಂದು ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ.

ಅರ್ಜಿ ಹಾಕಿ ಮರೆಯಬೇಡ, ಪಟ್ಟಿಯಲ್ಲಿ ಹೆಸರು ಉಳಿದಿದೆಯೋ ಎಂದು ಆಗಾಗ ನೋಡುತ್ತಿರು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮೊದಲು ಹೆಸರು ತೆಗೆಯಲು 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಹಗಲೆಲ್ಲ ಬೀಗ ಬಿದ್ದ ಮನೆಯವರು ಇದರಿಂದ ಪಾಠ ಕಲಿಯಬೇಕು, ನೋಟಿಸು ಬಂದದ್ದೂ ಅವರಿಗೆ ತಿಳಿಯುವುದಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಆಗುವುದಿಲ್ಲ, ನಾಮಪತ್ರದ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಪಟ್ಟಿ ಮುಟ್ಟುವಂತಿಲ್ಲ.

ನಿಮ್ಮಪ್ಪನಿಗೆ ನಾನು ಹೇಳುತ್ತೇನೆ, ಅವನ ಚಿಂತೆ ಬಿಡು. ಬರುವ ರವಿವಾರ ನಾಲ್ವರೂ ಕೂತು ಅರ್ಜಿ ತುಂಬಿ, ಮೊಬೈಲಿನಲ್ಲೇ ಆಗುತ್ತದೆ, ಒಂದು ಪೈಸೆ ಖರ್ಚಿಲ್ಲ. ಹೆಸರಿನ ಕಾಗುಣಿತ ಕನ್ನಡದಲ್ಲಿ ಸರಿ ಇದೆಯೋ ನೋಡಿಕೊಂಡೇ ಕಳಿಸಿ. ಆದ ಮೇಲೆ ಅರ್ಜಿಯ ನಂಬರನ್ನು ನನಗೆ ಕಳಿಸು.

ನಿನ್ನ ಅತ್ತಿ